ತಾತನ ನೀಲಿ ತಟ್ಟೆ

ಹೊಸ ಗಡಿಗೆಗೆ ನೀರು ಸುರಿದಾಗ ಏಳುವ ಮಣ್ಣಿನ ವಾಸನೆ ಇವತ್ತಿಗೂ ನನ್ನನ್ನು ಅಜ್ಜಿಯ ಹಿತ್ತಲಿಗೆ ಕರೆದೊಯ್ಯುತ್ತದೆ.

ಕುರುಗೋಡಿನ ಮನೆಯಲ್ಲಿ ತಾತ, ಅಂದರೆ ನನ್ನ ಅಪ್ಪನ ತಂದೆ, ತೀರಿಕೊಂಡ ಸೂತಕ ಕಳೆಯುವ ದಿನ ಅದು. "ಮಣ್ಣಿಂದು ಮನ್ಯಾಗ ಇರಬಾರದು, ಬಾಕಿದ್ದು ತೊಳದ್ರ ಸಾಕು" ಎಂದು ಅಜ್ಜಿ ಗಡಿಗೆಗಳನ್ನೆಲ್ಲ ಹಿತ್ತಲಲ್ಲಿ ಒಡೆಸಿದ್ದಳು. ತಾತ ದಿನಾ ಸಂಜೆ ಮಂಡಕ್ಕಿ ತಿನ್ನುತ್ತಿದ್ದ ನೀಲಿ ಹೂವಿನ ತಟ್ಟೆ ಪಿಂಗಾಣಿಯದು ಎಂಬುದು ಅವಳ ಎಣಿಕೆ. ಅದನ್ನು ತೊಳೆದು, ಸೆರಗಿನಿಂದ ಒರೆಸಿ, ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಬಳ್ಳಾರಿಯಲ್ಲಿ ಹಳೆಯ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಅದನ್ನು ಇಸಿದುಕೊಂಡು ತಿರುವಿ ನೋಡಿದ. ಅಂಚಿನಲ್ಲಿ ಚಕ್ಕೆ ಎದ್ದಿದ್ದ ಜಾಗವನ್ನು ಉಗುರಿನಿಂದ ಕೆರೆದ.

"ಅತ್ತಿ, ಇದು ಹಾಲೆಂಡಿನ ಡೆಲ್ಫ್ಟ್ ತಟ್ಟಿ! ಪಿಂಗಾಣಿ ಆಗಿದ್ರ ಒಳಗೂ ಬೆಳ್ಳಗಿರ್ತಿತ್ತು. ಇಲ್ನೋಡ್ರಿ, ಮ್ಯಾಲ ಬಿಳಿ ಮೆರುಗು, ಒಳಗ ಹಳದಿ ಮಣ್ಣು. ಭಾಳ ಬೆಲಿ ಬಾಳ್ತೈತಿ!"

"ಮಣ್ಣಾ?"

"ಅಪ್ಪಟ ಮಣ್ಣು!"

ಅಜ್ಜಿ ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಸಪ್ಪಳ ಕೇಳಿ ಮಾವ ಚೀರಿದ. ನಾನು ಓಡಿಹೋಗಿ ನೋಡಿದರೆ, ಗಡಿಗೆಯ ಚೂರುಗಳ ನಡುವೆ ನೀಲಿ ಹೂಗಳು ಚೆಲ್ಲಿದ್ದವು.

"ಅವರನ್ನ ಕಳಿಸಿಕೊಟ್ಟಾಕಿ ನಾನು," ಅಂದಳು ಅಜ್ಜಿ, ಬರಿಗೈಯನ್ನು ಸೆರಗಿನಿಂದ ಒರೆಸುತ್ತ. "ತಟ್ಟಿ ಯಾವ ಲೆಕ್ಕ?"