ಮೂರನೇ ಪ್ಯಾರಾ

ಆ ಹೆಂಗಸು ಹೊಸಪೇಟೆಯ ಕಚೇರಿಗೆ ನುಗ್ಗಿದವಳೇ ಮೇಜಿನ ಮೇಲೆ ಪೇಪರು ಹಾಸಿದಳು. ಸಾಹೇಬರ ಮುಖದಿಂದ ಕಣ್ಣು ಕೀಳದೆ ಗಡಗಡ ಒಪ್ಪಿಸಿದಳು:

“‘ಹದಿನೈದು ದಿನದೊಳಗೆ ಚೋರನೂರಿನ ಮೇಲಿನ ಓಣಿಗೆ ನೀರು ಬಾರದಿದ್ದರೆ ನಾನೇ ಬಂದು ಕೊಡ ಹೊರುತ್ತೇನೆ ಎಂದು ಯೋಜನಾಧಿಕಾರಿ ಪ್ರಭಂಜನ ಘೋಷಿಸಿದರು.’ ಮೂರನೇ ಪ್ಯಾರಾ. ನೀವಽ ಅಲ್ರಿ ಅದು? ನಾನು ತಿಪ್ಪಕ್ಕ, ಅದೇ ಓಣಿಯಾಕಿ. ದಿನಾ ಎಣಿಸ್ತೀನಿ ನೋಡ್ರಿ ಸಾಹೇಬ್ರ.”

ಅವಳು ಹೋದ ಮೇಲೆ ಪ್ರಭಂಜನರು ಆ ಮೂರನೇ ಪ್ಯಾರಾವನ್ನು ಎರಡೆರಡು ಸಲ ಓದಿದರು. ಇಂಥ ಮಾತನ್ನು ಅವರು ಕನಸಿನಲ್ಲೂ ಆಡಿರಲಿಲ್ಲ. ಆದರೆ ಪತ್ರಿಕಾ ಪ್ರಕಟಣೆಗೆ ಸಹಿ ಹಾಕಿದ್ದು ಅವರೇ. ಹಿಂದೊಮ್ಮೆ ಗಣ್ಯರೊಬ್ಬರ ಹೆಸರು ಒಂದು ಸಾಲು ಕೆಳಗಿಳಿದು ಬೈಸಿಕೊಂಡಾಗಿನಿಂದ ಅವರು ನೋಡುತ್ತಿದ್ದುದು ಹೆಸರುಗಳನ್ನಷ್ಟೇ. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ‘ಮಾನ್ಯ’ ಬಿಟ್ಟುಹೋಗಿದೆ. ಅದು ಸರಿಯಿದ್ದರೆ ಸಹಿ. ಉಳಿದದ್ದನ್ನು ಓದಲು ಪುರುಸೊತ್ತೆಲ್ಲಿ, ಪಾಪ!

ಪ್ರಕಟಣೆ ಬರೆಯುವ ಕಿರಣ್ ಕುಮಾರನನ್ನು ಕರೆಸಿದರು. ಗುತ್ತಿಗೆಯವನು. ಕಂಪ್ಲಿಯ ಬಾಡಿಗೆ ರೂಮಿನಿಂದ ಬಸ್ಸಿಗೆ ಬಂದು, ಬಸ್ಸಿಗೇ ಹೋಗುವವನು. ಅವನ ಊರು ಯಾವುದೆಂದು ಯಾರೂ ಕೇಳಿರಲಿಲ್ಲ.

“ನಾ ಯಾವಾಗ ಹಿಂಗ ಅಂದೀನ್ರೀ?”

“ತರಬೇತಿಗೆ ನೀವಽ ಕಳಿಸಿದ್ರಲ್ರಿ ಸರ್. ಪ್ರಕಟಣೆಯಾಗ ಸಾಹೇಬ್ರ ಮಾತಿರಬೇಕು, ಊರಿನ ಹೆಸರಿರಬೇಕು, ಗಡುವಿರಬೇಕು, ಆಗ ಜನ ಓದ್ತಾರ ಅಂದ್ರು.”

“ಸ್ಪಷ್ಟೀಕರಣ ಬರೀರಿ, ಜಲ್ದಿ!”

“ಏನಂತ ಬರೀಲ್ರಿ? ಸಾಹೇಬ್ರು ಓದದ ಸಹಿ ಮಾಡಿದ್ರು ಅಂತ?” ಕಿರಣ್ ಭಾಳ ವಿನಯದಿಂದಲೇ ಕೇಳಿದ.

ಅಷ್ಟರಲ್ಲಿ ಮೇಲಧಿಕಾರಿಗಳ ಫೋನು. “ಶಭಾಷ್ ಪ್ರಭಂಜನ್! ಅಧಿಕಾರಿ ಅಂದ್ರ ಹಿಂಗಿರಬೇಕು. ಬಡ್ತಿ ಪಟ್ಟಿ ನನ್ನ ಮುಂದಽ ಐತಿ. ಹದಿನಾರನೇ ದಿನ ನಾನೂ ಚೋರನೂರಿಗೆ ಬರ್ತೀನಿ.”

ಮುಗಿಯಿತಲ್ಲ! ಅಲ್ಲಗಳೆದರೆ ಬಡ್ತಿ ಹೋಯಿತು, ಸುಮ್ಮನಿದ್ದರೆ ತಲೆಯ ಮೇಲೆ ಕೊಡ. ಎರಡು ವರ್ಷದಿಂದ ಗೋದಾಮಿನಲ್ಲಿ ಮಲಗಿದ್ದ ಮೋಟಾರು ಎರಡೇ ದಿನಕ್ಕೆ ಎದ್ದು ಸಂಡೂರು ದಾಟಿತು. ಪ್ರಭಂಜನರು ಬಿಸಿಲಲ್ಲಿ ನಿಂತು ಪೈಪು ಹಾಕಿಸಿದರು, ಬೈದರು, ಬೇಡಿಕೊಂಡರು. ಹದಿನಾಲ್ಕನೇ ದಿನ ನಲ್ಲಿಗಳು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿನೀರು ಸುರಿಸಿದವು.

ಹದಿನಾರನೇ ದಿನ ಮೇಲಧಿಕಾರಿಗಳು ಓಣಿಯಲ್ಲೇ ಬೆನ್ನು ತಟ್ಟಿ ಹೊರಟರು. ಕಿರಣ್ ಫೋಟೋ ತೆಗೆದ. ಪ್ರಭಂಜನರಿಗೆ ಈಗ ಆ ಮಾತನ್ನು ನಿಜವಾಗಿಯೂ ತಾವೇ ಆಡಿದ್ದು ಎಂಬ ನಂಬಿಕೆಯೇ ಬಂದುಬಿಟ್ಟಿತ್ತು. ತಿಪ್ಪಕ್ಕ ತಂದುಕೊಟ್ಟ ನೀರು ಕುಡಿದು, ಖುಷಿಯಾಗಿ ಹೇಳಿದರು:

“ನಿಮ್ಮಂಗ ಪೇಪರ್ ಓದೋ ಹೆಣ್ಮಕ್ಕಳು ಊರಿಗೊಬ್ರು ಇದ್ರ ಸಾಕು ನೋಡ್ರಿ.”

“ಅಯ್ಯ, ನನಗೆಲ್ಲಿ ಓದಾಕ ಬರ್ತೈತ್ರಿ? ಪೇಪರಿಗೆ ಬರೋ ಹಿಂದಿನ ದಿನಾನಽ ನನ್ನ ಮಗ ಬಾಯಿಪಾಠ ಮಾಡಿಸಿದ್ನ್ರಿ,” ಎನ್ನುತ್ತ ತಿಪ್ಪಕ್ಕ, ಕ್ಯಾಮೆರಾ ಚೀಲಕ್ಕೆ ಹಾಕಿ ಸದ್ದಿಲ್ಲದೆ ಜೀಪಿನ ಕಡೆ ನಡೆದವನನ್ನು ಕೂಗಿದಳು: “ಲೇ ಕಿರಣಾ, ಉಣ್ಣದ ಹೋಗಬ್ಯಾಡೋ!”