ಬಂಗಲೆಯ ಕಾಲುಸೂಪು

ಮಗಳಿಗೆ ನೆಗಡಿಯೆಂದು ಕಾಲುಸೂಪಿಗೆ ಮೆಣಸು ಕುಟ್ಟುವಾಗೆಲ್ಲ ಆ ಒಂದು ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಅಪ್ಪ ಮೂಡಿಗೆರೆ ಹತ್ತಿರದ ಎಸ್ಟೇಟ್ ಬಂಗಲೆಯಲ್ಲಿ ಅಡುಗೆಯವರಾಗಿದ್ದರು. ಆಲ್ದೂರಿನಲ್ಲಿ ಸ್ವಂತ ಹೋಟೆಲಿಗೆ ಜಾಗ ಗೊತ್ತುಮಾಡಿಕೊಂಡು, ಕೆಲಸ ಬಿಡುತ್ತೇನೆಂದು ಹೇಳಲು ಆ ದಿನ ಹೊರಟಿದ್ದರು. ಶಾಲೆಗೆ ರಜೆಯಿದ್ದುದರಿಂದ ನಾನೂ ಜೊತೆಗಿದ್ದೆ. ಹೇಳಬೇಕಾದ ಮಾತನ್ನು ಅವರು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಬಂಗಲೆಯಲ್ಲಿ ಎಸ್ಟೇಟಿನ ಒಡೆಯರಾದ ಸಾಹುಕಾರರ ತಾಯಿ ಹಾಸಿಗೆ ಹಿಡಿದಿದ್ದರು. ಅಪ್ಪ ಸೂಪಿನ ಬಟ್ಟಲು ತಂದು ಪಕ್ಕದಲ್ಲಿ ಕೂತು, "ಅಮ್ಮಾವ್ರೇ, ಒಂದು ಮಾತಿತ್ತು" ಎಂದರು.

ಆಕೆ ಒಂದು ಚಮಚ ಕುಡಿದು, ಒಣಗಿದ ಬೆರಳುಗಳಿಂದ ಅಪ್ಪನ ಮಣಿಕಟ್ಟು ಹಿಡಿದುಕೊಂಡರು. "ನಿನ್ನ ಕೈ ಅಡುಗೆ ಬಿಟ್ರೆ ನಂಗೆ ಬೇರೇನೂ ಸೇರಲ್ಲ ಮಾರಾಯ. ನಾನಿರೋ ತನಕ ಎಲ್ಲೂ ಹೋಗ್ಬೇಡ."

ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ನಗುತ್ತಲೇ, "ಕೇಳಿಸ್ತಲ್ಲ?" ಎಂದರು.

ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

"ಏನೋ ಮಾತು ಅಂದ್ಯಲ್ಲ?" ಎಂದು ಆಕೆ ಕೇಳಿದರು.

"ಉಪ್ಪು ಸರಿ ಇದ್ಯಾ ಅಂತ, ಅಮ್ಮಾವ್ರೇ."

ಸಂಜೆ ನಾವು ಮನೆಗೆ ಬಂದಾಗ ನನ್ನಮ್ಮ ಆಲ್ದೂರಿಗೆಂದು ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದಳು. ಅಪ್ಪನ ಮುಖ ನೋಡಿದವಳು ಅವನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.