ಓಗೊಟ್ಟ ಕಪಾಟು

“ಕೀಲಿಕೈ ಮತ್ತೆ ಕಳೆದುಹೋಯ್ತಾ, ಸರ್?”

“ವಯಸ್ಸಾಯ್ತು ಮೇಡಂ. ನಾನೇ ಕಳೆದುಹೋಗಿಲ್ಲ ಅನ್ನೋದೇ ದೊಡ್ಡದು.”

ಗ್ರಂಥಪಾಲಕರ ಹಣೆಯ ಮೇಲಿನ ಬೆವರನ್ನು ಅಧಿಕಾರಿ ಗಮನಿಸಿದಳು. ಎಣಿಕೆಗೆ ಉಳಿದಿದ್ದುದು ಕಾವ್ಯದ ಮರದ ಕಪಾಟೊಂದೇ. ಪ್ರತಿ ಪುಸ್ತಕಕ್ಕೂ ರೇಡಿಯೋ ಅಲೆಯಲ್ಲಿ ತನ್ನ ಗುರುತು ಹೇಳುವ ಆರ್‌ಎಫ್‌ಐಡಿ ಚೀಟಿ ಅಂಟಿಸಿ, ಇಡೀ ಗ್ರಂಥಾಲಯವನ್ನು ಒಂದೇ ದಿನದಲ್ಲಿ ಎಣಿಸಿ ತೋರಿಸುತ್ತೇನೆಂದು ಮೇಲಿನವರಿಗೆ ಮಾತು ಕೊಟ್ಟವಳು ಅವಳು. ಒಂದು ಪುಸ್ತಕ ತಪ್ಪಿದರೂ ಯೋಜನೆ ಮೂಲೆಗೆ. ಅವಳು ಹಳೆಯ ಕಡತಗಳ ಕೋಣೆಗೆ.

ಈ ಕಪಾಟಿನ ಚೀಟಿಗಳನ್ನು ಅಂಟಿಸಿದವರು ಮುದುಕರೇ. ಬರೆದಿಟ್ಟು ಕೊಡುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಮುಖ ನೋಡಿ ಪುಸ್ತಕ ಕೊಟ್ಟುಬಿಡುವವರು. ಹತ್ತಾದರೂ ಕಾಣೆಯಾಗಿರಲೇಬೇಕು.

“ಕೀಲಿ ಇಲ್ಲದಿದ್ರೂ ಪರವಾಗಿಲ್ಲ. ಈ ಯಂತ್ರಕ್ಕೆ ಮರ ಅಡ್ಡ ಬರಲ್ಲ. ಹೊರಗಿಂದ ಕೂಗಿದ್ರೆ ಒಳಗಿನ ಚೀಟಿಗಳು ಓಗೊಡ್ತವೆ.”

“ಒಳಗೆ ಇಣುಕೋದೂ ಬೇಡ್ವಾ?”

“ಬೇಡ.”

“ಒಳ್ಳೇ ಕಾಲ ಬಂತು,” ಎಂದು ಗ್ರಂಥಪಾಲಕರು ಕುರ್ಚಿ ಎಳೆದುಕೊಂಡು ಕುಳಿತರು.

ಅವಳು ಕೈಯಂತ್ರವನ್ನು ಬಾಗಿಲಿನುದ್ದಕ್ಕೂ ಆಡಿಸಿದಳು. ಮುನ್ನೂರ ಹನ್ನೆರಡು. ಒಂದೂ ಕಡಿಮೆಯಿಲ್ಲ! ಹಿರಿಯರನ್ನು ಅನುಮಾನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಂಖ್ಯೆ ಮೂಡಿತು. ದಾಖಲೆಯ ಪ್ರಕಾರ ವರ್ಷದಲ್ಲಿ ಹೊರಗೆ ಹೋದವು: ಸೊನ್ನೆ.

“ಬೇಜಾರು ಮಾಡ್ಕೋಬೇಡಿ ಸರ್. ಪದ್ಯ ಯಾರಿಗೂ ಬೇಡ. ನಿಯಮದ ಪ್ರಕಾರ ಕಪಾಟು ಗೋದಾಮಿಗೆ ಹೋಗ್ಬೇಕು.”

ಗ್ರಂಥಪಾಲಕರು ತಟ್ಟನೆ ಎದ್ದು ನಿಂತರು. “ಇವತ್ತೇನಾ?”

“ಈಗಲೇ.”

ಮೇಲಿನವರಿಗೆ ಫೋನು ಹೋಯಿತು: ಎಣಿಕೆಯಲ್ಲಿ ಸಾಸಿವೆಯಷ್ಟೂ ವ್ಯತ್ಯಾಸವಿಲ್ಲ. ಶಹಬ್ಬಾಸ್‌ಗಿರಿಯೂ ಬಂತು. ಆರು ಜನ ಹಮಾಲರು ಬಂದರು.

“ಹುಷಾರು, ಮುನ್ನೂರು ಪುಸ್ತಕದ ಭಾರ!” ಎಂದಳು.

“ಪದ್ಯ ತಾನೇ ಅಕ್ಕಾ? ಅರ್ಧ ಹಾಳೆ ಖಾಲಿನೇ ಇರುತ್ತೆ ಬಿಡಿ,” ಎಂದನೊಬ್ಬ.

ಆರೂ ಜನ ಸೊಂಟ ಬಿಗಿದು, ಉಸಿರು ಹಿಡಿದು ಎತ್ತಿದರು. ಕಪಾಟು ಹೂವಿನಂತೆ ಮೇಲೆದ್ದಿತು, ಎತ್ತಿದವರೇ ಮುಗ್ಗರಿಸಿದರು. ಹಳೆಯ ಬೀಗ ಕಳಚಿ ಬಾಗಿಲು ತೆರೆದುಕೊಂಡಿತು. ಬರಿದಾದ ಹಲಗೆಗಳ ಮೇಲೆ ಮುನ್ನೂರ ಹನ್ನೆರಡು ಚೀಟಿಗಳು ಸಾಲಾಗಿ, ಓರಣವಾಗಿ ಅಂಟಿಕೊಂಡಿದ್ದವು.

“ಪುಸ್ತಕಗಳೆಲ್ಲಿ, ಸರ್?”

“ಚೀಟಿ ಅಂಟಿಸೋಕೆ ನೀವು ಕೊಟ್ಟಿದ್ದು ಒಂದೇ ವಾರ, ಮೇಡಂ. ಓದ್ತಾ ಇದ್ದವರ ಕೈಯಿಂದ ಕಿತ್ಕೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ.”